ಬೀಗರ ಗುಡಾರ

ಬೆಳಿಗ್ಗೆ ಎದ್ದ ಕೂಡಲೇ ನಾನು ಚಪ್ಪಲಿಗಳನ್ನು ತಲೆಕೆಳಗು ಮಾಡಿ ನೆಲಕ್ಕೆ ಕುಟ್ಟುತ್ತೇನೆ. ಒಳಗೆ ಇಣುಕಿ ನೋಡಿ, ಯಾರೂ ಸಂಸಾರ ಹೂಡಿಲ್ಲವೆಂದು ಖಾತ್ರಿಯಾದ ಮೇಲೆಯೇ ಕಾಲು ತೂರಿಸುವುದು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಗುಂಯ್‌ಗುಡುವ ಹೀಟರು. ಇರುವೆಯೂ ಸುಳಿಯದ ಕಾರ್ಪೆಟ್ಟಿನ ಮೇಲೆ ಚೇಳು ಎಲ್ಲಿಂದ ಬರಬೇಕು? ನೋಡಿದವರು ನಗುತ್ತಾರೆ. ನಗಲಿ. ಎಪ್ಪತ್ತು ದಾಟಿದ ಮೇಲೆ ಹೊಸ ಅಭ್ಯಾಸವೊಂದು ಅಂಟಿಕೊಂಡಿತಲ್ಲ ಎಂದು ನನಗಂತೂ ಹೆಮ್ಮೆ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದು ಎರಡನೆಯ ಹೊಸ ಅಭ್ಯಾಸ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಆರಿಸುತ್ತಿದ್ದೇನೆ. ಅವಸರವಿದ್ದವರು ಕೊನೆಯ ಸಾಲಿಗೆ ಹೋಗಿ ನನಗಾಗಿ ಕಾಯುತ್ತಿರಬಹುದು.

ಚಪ್ಪಲಿ ಕುಟ್ಟುವುದನ್ನು ಕಲಿತದ್ದು ಕಳೆದ ಫೆಬ್ರವರಿಯಲ್ಲಿ, ಬಾಹಾ ಕ್ಯಾಲಿಫೋರ್ನಿಯಾದಲ್ಲಿ. ಹೆಸರು ಕೇಳಿ ಸಿನಿಮಾದವರ ಊರಿನ ಪಕ್ಕ ಎಂದುಕೊಳ್ಳಬೇಡಿ. ಅಮೆರಿಕದ ಗಡಿ ಮುಗಿದ ಮೇಲೆ ಮೆಕ್ಸಿಕೋ ದೇಶದ ಅಂಚಿನಿಂದ ಒಂದು ಉದ್ದನೆಯ ನೆಲ ಸಮುದ್ರಕ್ಕೆ ಇಳಿಬಿದ್ದಿದೆ, ಮರದಿಂದ ನೇತಾಡುವ ನುಗ್ಗೇಕಾಯಿಯ ಹಾಗೆ. ಎರಡೂ ಕಡೆ ಸಮುದ್ರ. ನಡುವೆ ಮರಳು, ಬಂಡೆ, ಕಳ್ಳಿ, ಚೇಳು. ತೊಟ್ಟಿನಿಂದ ತುದಿಯವರೆಗೆ ಒಂದು ಹೆದ್ದಾರಿ. ಸ್ಯಾನ್ ಡಿಯಾಗೋದಲ್ಲಿ ಬಾಡಿಗೆ ವ್ಯಾನ್ ಹಿಡಿದು, ಎರಡು ವಾರ ಆ ದಾರಿಯಲ್ಲಿ ಕೆಳಕೆಳಗೆ ಹೋದೆವು. ಸಂಜೆಯಾದಲ್ಲಿ ಗುಡಾರ ಹಾಕಿಕೊಂಡು ಮಲಗಿದೆವು. ನಾವು ಎಂದರೆ ನನ್ನ ಮಗಳು ವೀಣಾ, ಅಳಿಯ ಬಸವರಾಜ, ಅವರ ಮಗಳು ಮೇಘಾ ಮತ್ತು ನಾನು. ಐದನೆಯವರು ಅಳಿಯನ ತಾಯಿ ನೀಲಮ್ಮನವರು, ಅಂದರೆ ನನ್ನ ಬೀಗಿತ್ತಿ.

ತೊಡಕು ಇರುವುದು ಇಲ್ಲೇ. ಬೀಗರು ಎಂದರೆ ಏನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಮೈಸೂರಿನ ಮನೆಗೆ ಬೀಗರು ಬರುತ್ತಾರೆಂದರೆ ಅಪ್ಪ ಮನೆಯೊಳಗೂ ಅಂಗಿ ತೊಡುತ್ತಿದ್ದರು. ಅಮ್ಮ ಅಟ್ಟದಿಂದ ಒಳ್ಳೆಯ ಲೋಟಗಳನ್ನು ಇಳಿಸುತ್ತಿದ್ದಳು. ಮಕ್ಕಳಾದ ನಮಗೆ ಕೊಬ್ಬರಿ ಮಿಠಾಯಿಯ ತಟ್ಟೆಯ ಹತ್ತಿರ ಸುಳಿಯಬಾರದೆಂದು ಕಣ್ಣಿನಲ್ಲೇ ಆಜ್ಞೆ. ಬಂದವರು ಬೇಡಬೇಡವೆನ್ನುತ್ತಲೇ ಎಲ್ಲ ತಿಂದುಬಿಡುತ್ತಿದ್ದರು. ಅದಕ್ಕೇ ನನಗೆ ಚಿಕ್ಕಂದಿನಿಂದ ಬೀಗರೆಂದರೆ ಒಳಗೊಳಗೇ ಸಿಟ್ಟು. ನನ್ನ ಅಜ್ಜನಂತೂ ಮಗಳ ಮನೆಯಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ. ಹಿತ್ತಾಳೆಯ ಕೂಜದಲ್ಲಿ ತನ್ನ ನೀರು ತಾನೇ ತಂದು, ಜಗಲಿಯ ಮೇಲೆ ಕುಳಿತು, ಮಗಳ ಮುಖ ನೋಡಿಕೊಂಡು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದ. ಮಗಳನ್ನು ಕೊಟ್ಟ ಮನೆಯಲ್ಲಿ ಠಿಕಾಣಿ ಹೂಡಬಾರದೆಂಬುದು ಅವನ ವೇದ.

ಆ ಅಜ್ಜನ ಮೊಮ್ಮಗಳಿಗೆ ಈಗ ಮಗಳ ಮನೆಯಲ್ಲಿ ಠಿಕಾಣಿ ಹೂಡುವ ಪ್ರಸಂಗ ಬಂದಿತ್ತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೆ. ಅವರು ಅಲ್ಲಿನ ವಿಮಾನದ ಸರಕಿನ ಆಫೀಸಿನಲ್ಲಿ ಕೆಲಸ ಮಾಡಿದವರು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಇದು ಯಾವ ಊರಿನದೆಂದು ಗಡಿಯಾರ ನೋಡಿ ಹೇಳುತ್ತಿದ್ದರು. ಒಂದು ಚಳಿಗಾಲ ಕಸದ ಚೀಲ ಹಿಡಿದು ಹೊರಟವಳು ಮಂಜುಗಡ್ಡೆಯ ಮೇಲೆ ಜಾರಿದೆ. ಮಣಿಕಟ್ಟು ಮುರಿಯಿತು. ಕಸದ ಚೀಲ ಮಾತ್ರ ಸುರಕ್ಷಿತವಾಗಿ ಡಬ್ಬಿ ತಲುಪಿತ್ತು. ಆಗಿನಿಂದ ಮಿಶಿಗನ್ನಿನಲ್ಲಿದ್ದ ವೀಣಾ, ಆಬರ್ನ್ ಹಿಲ್ಸಿಗೆ ಬಂದುಬಿಡು, ನಮ್ಮ ಜೊತೆ ಇರು ಎಂದು ಹಟ ಹಿಡಿದಳು.

ಅಲ್ಲಿ ಕೆಳಗಿನ ಬೆಡ್‌ರೂಮಿನಲ್ಲಿ ಆಗಲೇ ನೀಲಮ್ಮನವರಿದ್ದರು. ಗದಗಿನವರು. ಗಂಡ ಹೋದ ಮೇಲೆ ಮಗನ ಮನೆಗೆ ಬಂದವರು. ಎತ್ತರದ ಆಳು, ಮಾತು ಕಡಿಮೆ. ಇನ್ನೊಂದು ರೂಮಿಲ್ಲದ್ದರಿಂದ ನಾನು ಅವರ ರೂಮಿನಲ್ಲೇ ಪಾಲುದಾರಳಾಗಬೇಕಿತ್ತು. ಮಗಳು ಕರೆದರೆ ಸಾಕೇ? ಆ ಮನೆಯ ಹಿರಿಯರು ಅವರು. ಅವರು ಕರೆಯಬೇಕು. ಕರೆಯುತ್ತಿರಲಿಲ್ಲವೇ ಎಂದರೆ, ಇಪ್ಪತ್ತು ವರ್ಷದಿಂದ ಪ್ರತಿ ಫೋನಿನ ಕೊನೆಗೂ "ಬರ್ರಿ ಬೀಗರ, ಮನಿಗೆ ಬರ್ರಿ" ಎನ್ನುತ್ತಲೇ ಇದ್ದರು. ನಾನೂ "ಬಂದೇ ಬರ್ತೀವಿ" ಎನ್ನುತ್ತಲೇ ಇದ್ದೆ. ಅದು ಕರೆಯೂ ಅಲ್ಲ, ಒಪ್ಪಿಗೆಯೂ ಅಲ್ಲ; ಫೋನ್ ಇಡುವ ಮುಂಚಿನ ಗಂಟೆ. ಇನ್ನೊಬ್ಬರ ಮುಪ್ಪಿನ ಕೋಣೆಗೆ ನುಗ್ಗಲು ಆ ಗಂಟೆಯ ದನಿ ಸಾಲದು. ಅವರಿಗೆ ನಿಜವಾಗಿ ನಾನು ಬೇಕೋ ಬೇಡವೋ ತಿಳಿಯದೆ ಡೆಸ್ ಪ್ಲೇನ್ಸ್ ಬಿಡುವುದಿಲ್ಲವೆಂದು ನಾನು ವೀಣಾಗೆ ಹೇಳಿಬಿಟ್ಟೆ. ಏಪ್ರಿಲ್‌ಗೆ ಅಪಾರ್ಟ್‌ಮೆಂಟಿನ ಲೀಸ್ ಮುಗಿಯುವುದರಲ್ಲಿತ್ತು.

ವೀಣಾ ಇಂಜಿನಿಯರು. ಯಾವುದನ್ನೂ ಟೆಸ್ಟ್ ಮಾಡದೆ ಬಿಡುವವಳಲ್ಲ. ಹೇಗೂ ಅವರು ಮೂವರು ಬಾಹಾಗೆ ಕ್ಯಾಂಪಿಂಗ್ ಹೊರಟಿದ್ದರು. ಇಬ್ಬರು ಅಜ್ಜಿಯರನ್ನೂ ಕರೆದುಕೊಂಡು ಹೋಗಿ ಒಂದೇ ಗುಡಾರದಲ್ಲಿ ಹಾಕಿದರೆ ಎರಡು ವಾರದಲ್ಲಿ ಗೊತ್ತಾಗುತ್ತದೆ ಎಂದು ಅವಳ ಲೆಕ್ಕ. ನನಗೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

"ಗುಡಾರದಲ್ಲಿ ನೀವಿಬ್ರು ಬದುಕಿದ್ರೆ, ಮನೇಲೂ ಬದುಕ್ತೀರ ಅಮ್ಮ."

ನೀಲಮ್ಮನವರು ಸೊಸೆಯ ಕಾರಿನಲ್ಲಿ ಶಿಕಾಗೋಗೆ ಬಂದಾಗ ಗುಡಾರ ಕೊಳ್ಳಲು ಓಕ್ ಬ್ರೂಕಿನ ಅಂಗಡಿಗೆ ಹೋದೆವು. ಅಲ್ಲಿ ಗುಡಾರಗಳನ್ನು ಬಿಡಿಸಿಯೇ ಇಟ್ಟಿರುತ್ತಾರೆ. ಒಳಗೆ ಮಲಗಿ ನೋಡಬಹುದೆಂದು ಅಂಗಡಿಯವಳು ಹೇಳಿದ್ದೇ ತಡ, ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿಯೇ ಬಿಟ್ಟೆ. ಚಿಕ್ಕವಳಿದ್ದಾಗ ಅಮ್ಮನ ಹಳೆಯ ಸೀರೆಯನ್ನು ಎರಡು ಕುರ್ಚಿಗಳ ಬೆನ್ನಿಗೆ ಕಟ್ಟಿ ಒಳಗೆ ಹುರಿಗಡಲೆ ತಿನ್ನುತ್ತ ಕೂರುತ್ತಿದ್ದೆವು. ಸೀರೆಯ ಮೂಲಕ ಬರುವ ಬೆಳಕಿನಲ್ಲಿ ಕೈಕಾಲೆಲ್ಲ ಕುಂಕುಮದ ಬಣ್ಣ. ಅಂಗಡಿಯ ಈ ಗುಡಾರವೂ ಕೆಂಪಗಿತ್ತು. ಇದೇ ಇರಲಿ ಎಂದೆ. ನೀಲಮ್ಮನವರು ಹೊರಗೆ ನಿಂತೇ, "ನಿಮಗ ಹೆಂಗ ಅನುಕೂಲ ಹಂಗ" ಎಂದರು. ಎತ್ತರದವರು, ಅವರ ಕಾಲು ಒಳಗೆ ಹಿಡಿಸುತ್ತದೆಯೇ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಹಾದ ಮೊದಲ ರಾತ್ರಿಯೇ ನಮ್ಮ ಸಭ್ಯತೆ ಪರಾಕಾಷ್ಠೆ ಮುಟ್ಟಿತು. ಅಳಿಯ ಪಾಪ, ಪಂಪಿನಲ್ಲಿ ಗಾಳಿ ತುಂಬುವ ದೊಡ್ಡ ಹಾಸಿಗೆಯೊಂದನ್ನು ನಮಗಾಗಿ ತಂದಿದ್ದ. ಹಾಸಿಗೆ ಬೀಗರಿಗಿರಲಿ ಎಂದು ನಾನು ಗುಡಾರದ ಎಡ ಅಂಚಿನಲ್ಲಿ ನೆಲದ ಮೇಲೆ ಮಲಗಿದೆ. ಹಾಸಿಗೆ ಬೀಗರಿಗಿರಲಿ ಎಂದು ಅವರು ಬಲ ಅಂಚಿನಲ್ಲಿ ನೆಲದ ಮೇಲೆ ಮಲಗಿದರು. ಬೆನ್ನ ಕೆಳಗೆ ಕಲ್ಲು ಒತ್ತುತ್ತಿದ್ದರೂ, ಅವರು ಸುಖವಾಗಿ ಮಲಗಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವರೂ ಅದನ್ನೇ ಮಾಡಿಕೊಂಡರಂತೆ. ಬೆಳಿಗ್ಗೆ ಜಿಪ್ ಎಳೆದ ಮೇಘಾ ನಡುವಿನ ಖಾಲಿ ಹಾಸಿಗೆಯನ್ನೂ ಎರಡು ಬದಿಯ ಅಜ್ಜಿಯರನ್ನೂ ನೋಡಿ, "ವೇಟ್, ಹೂ ಸ್ಲೆಪ್ಟ್ ಆನ್ ದ ಬೆಡ್?" ಎಂದು ಕೇಳಿದಳು. ಮರುದಿನವೂ ಹಾಗೆಯೇ ಮಲಗಿದೆವು. ಮೊದಲ ದಿನ ಮಾಡಿದ್ದು ತಪ್ಪೆಂದು ಒಪ್ಪಿಕೊಂಡ ಹಾಗಾಗುತ್ತದಲ್ಲ.

ದಾರಿ ಮಾತ್ರ ಕಣ್ಣಿಗೆ ಹಬ್ಬ. ತೆಂಗಿನ ಮರದೆತ್ತರದ ಕಳ್ಳಿಗಳು ಕೈ ಮೇಲೆತ್ತಿ ನಿಂತಿದ್ದವು. ಇನ್ನೊಂದು ಜಾತಿಯ ಗಿಡವಂತೂ ತಲೆಕೆಳಗಾಗಿ ನೆಟ್ಟ ಮೂಲಂಗಿಯೇ ಸರಿ. ಮನೆಗಾತ್ರದ ಬಂಡೆಗಳ ನಡುವೆ ಒಬ್ಬ ಡ್ರಮ್ಮಿನಲ್ಲಿ ಪೆಟ್ರೋಲ್ ಇಟ್ಟುಕೊಂಡು ಮಾರುತ್ತಿದ್ದ. ನೂರಾರು ಮೈಲಿಗೆ ಬೇರೆ ಬಂಕ್ ಇರಲಿಲ್ಲ. ಅವನನ್ನು ನೆನೆಸಿಕೊಂಡರೆ ಈಗಲೂ ಕೈಮುಗಿಯಬೇಕೆನಿಸುತ್ತದೆ. ಮಿಲಿಟರಿಯ ತಪಾಸಣೆಯಲ್ಲಿ ಬಂದೂಕು ಹೆಗಲಿಗೇರಿಸಿದ ಹುಡುಗನೊಬ್ಬ ನಮ್ಮಿಬ್ಬರನ್ನೂ ಕೈಹಿಡಿದು ವ್ಯಾನಿನಿಂದ ಇಳಿಸಿ, ತನ್ನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ. ನಾನು ಬೀಗರಿಗಿರಲಿ ಎಂದು ಎದ್ದೆ. ಅವರು ನಿಮಗಿರಲಿ ಎಂದು ನಿಂತರು. ಕುರ್ಚಿ ಖಾಲಿ ಉಳಿಯಿತು. ಆ ಹುಡುಗ ಏನೆಂದುಕೊಂಡನೋ.

ಒಂದೂರಿನ ರಸ್ತೆ ಬದಿಯ ಹೋಟೆಲಿನಲ್ಲಿ ಹೆಂಗಸೊಬ್ಬಳು ಅಂಗೈಯಲ್ಲಿ ತಟ್ಟಿ ಕಾವಲಿಗೆ ಹಾಕುತ್ತಿದ್ದುದನ್ನು ನೀಲಮ್ಮನವರು ಬಹಳ ಹೊತ್ತು ನೋಡಿ, ಗೋವಿನಜೋಳದ ರೊಟ್ಟಿ ಎಂದು ತೀರ್ಪು ಕೊಟ್ಟರು. ಜೊತೆಗೆ ಬಂದ ಕಳ್ಳಿಯ ಪಲ್ಯವನ್ನು ಇಬ್ಬರೂ ಬೆರಳು ನೆಕ್ಕಿಕೊಂಡು ತಿಂದೆವು. ಆ ಹೆಂಗಸು ದುಡ್ಡು ತೆಗೆದುಕೊಂಡ ಮೇಲೂ ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ಕೈಗಿಟ್ಟಳು. ನಮಗೆ ಅವಳ ಭಾಷೆ ಬಾರದು, ಅವಳಿಗೆ ನಮ್ಮದು ಬಾರದು. ಉಪಚಾರದ ಮಾತಿಗೆ ಜಾಗವೇ ಇಲ್ಲದ್ದರಿಂದ ಇಬ್ಬರೂ ಸುಮ್ಮನೆ ತೆಗೆದುಕೊಂಡೆವು.

ಸಾನ್ ಇಗ್ನಾಸಿಯೋದ ಹಿನ್ನೀರಿನಲ್ಲಿ ತಿಮಿಂಗಿಲ ನೋಡಲು ದೋಣಿ ಹತ್ತಿದೆವು. ಉತ್ತರದ ಮಂಜಿನ ಕಡಲಿನಿಂದ ಬಸುರಿ ತಿಮಿಂಗಿಲಗಳು ಸಾವಿರಾರು ಮೈಲಿ ಈಜಿ ಇಲ್ಲಿಗೆ ಬಂದು ಈಯುತ್ತವಂತೆ. ಮರಿ ಬಲಿಯುವವರೆಗೆ ತಾಯಿ ಹೆಚ್ಚುಕಡಿಮೆ ಉಪವಾಸವಂತೆ. ದೋಣಿಯ ಪಕ್ಕ ಒಂದು ತಾಯಿ ಮರಿಯನ್ನು ಮೂತಿಯಿಂದ ಮೇಲಕ್ಕೆತ್ತಿ ನಮಗೆ ತೋರಿಸಿತು. ತೊಟ್ಟಿಲಿನಿಂದ ಎತ್ತಿ ಬಂದವರ ಕೈಗೆ ಕೊಡುವ ಹಾಗೆ. ನೀಲಮ್ಮನವರು ಲೈಫ್ ಜಾಕೆಟ್ಟಿನ ಮೇಲೆ ಸೆರಗು ಹೊದ್ದುಕೊಂಡು, "ತವರಿಗೆ ಬಂದಾಳ ಹಡಿಲಿಕ್ಕೆ. ಥಂಡಿ ಊರಾಗ ಬಾಣಂತನ ಹೆಂಗ ಆದೀತು" ಎಂದರು. ಮೇಘಾ ಹುಟ್ಟಿದ್ದು ಮಿಶಿಗನ್ನಿನ ಜನವರಿಯಲ್ಲಿ, ಸೊನ್ನೆ ಡಿಗ್ರಿಯ ದಿನ. ಆಗ ಇಬ್ಬರೂ ಸೇರಿ ಬಾಣಂತನ ಮಾಡಿದ್ದೆವು. ನೀವು ಎರೆಯಿರಿ, ನೀವು ಎರೆಯಿರಿ ಎಂದು ನಾವು ಉಪಚಾರ ಮಾಡುವಷ್ಟರಲ್ಲಿ ಮಗುವಿನ ಸ್ನಾನದ ನೀರು ಆರಿಹೋಗುತ್ತಿತ್ತು.

ಇಷ್ಟಾಗಿಯೂ ನಾನು ತಿಳಿಯಬೇಕಾದದ್ದು ತಿಳಿಯಲಿಲ್ಲ. ಅರ್ಧ ದಾರಿ ಮುಗಿಯಿತು. ಅವರು ಒಂದು ಸಲವೂ ಮುಖ ಸಿಂಡರಿಸಲಿಲ್ಲ, ನಾನೂ ಸಿಂಡರಿಸಲಿಲ್ಲ. ಟೆಸ್ಟ್ ಪಾಸಾಗುತ್ತಿದೆಯೆಂದು ವೀಣಾ ಒಳಗೊಳಗೇ ಕುಣಿಯುತ್ತಿದ್ದಳು. ನನಗೆ ಮಾತ್ರ ಎದೆ ಭಾರ. ಹೀಗೆಯೇ ಉಳಿದ ಆಯುಸ್ಸೆಲ್ಲ ಖಾಲಿ ಹಾಸಿಗೆಯ ಎರಡು ಕಡೆ ಮಲಗಿರಬೇಕೇ ಎಂದು.

ಆಮೇಲೆ ಕನ್ಸೆಪ್ಸಿಯೋನ್ ಕೊಲ್ಲಿಗೆ ಬಂದೆವು. ಬಿಳಿ ಮರಳಿನ ದಡ, ಗರಿಯ ಚಪ್ಪರ, ಎದುರಿಗೆ ಬಟ್ಟಲಲ್ಲಿಟ್ಟಂಥ ನಿಶ್ಚಲ ಸಮುದ್ರ. ಅಲ್ಲಿ ಕುಡಿಯುವ ನೀರಿಲ್ಲ. ಹಿಂದಿನ ಊರಿನಿಂದ ಕ್ಯಾನಿನಲ್ಲಿ ತಂದುಕೊಂಡಿದ್ದೆವು. ಬೆಳಕು ಹರಿಯುವ ಹೊತ್ತಿಗೆ ನನಗೆ ಎಚ್ಚರವಾಯಿತು. ಹೊರಗೆ ಬಂದರೆ ನೀರು, ಬೆಟ್ಟ, ಆಕಾಶ ಎಲ್ಲವೂ ಒಂದೇ ಗುಲಾಬಿ. ಇಂಥ ಬೆಳಗನ್ನು ಬರಿಯ ನೆಲದಲ್ಲಿ ಬರಮಾಡಿಕೊಳ್ಳುವುದೇ? ಕ್ಯಾನಿನ ನೀರು ಬಗ್ಗಿಸಿ ಗುಡಾರದ ಮುಂದೆ ಚಳೆ ಹೊಡೆದೆ. ಮರಳು ಎಷ್ಟು ಹಾಕಿದರೂ ಕುಡಿಯಿತು. ಹದವಾಗಲೆಂದು ಇನ್ನಷ್ಟು ಹಾಕಿದೆ. ತಟ್ಟಿ ಸಮ ಮಾಡಿ, ಅಕ್ಕಿಹಿಟ್ಟಿನಲ್ಲಿ ಎಳೆ ಎಳೆಯಾಗಿ ರಂಗೋಲಿ ಬಿಟ್ಟೆ. ಮುರಿದ ಮಣಿಕಟ್ಟು ಸರಿಯಾದ ಮೇಲೆ ಅದೇ ಮೊದಲು. ಒಂದು ಎಳೆಯೂ ನಡುಗಲಿಲ್ಲ. ದೇವರೇ, ನಿನಗೆ ಎಷ್ಟು ಕೈಮುಗಿದರೂ ಸಾಲದು ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಜಿಪ್ ಸದ್ದಾಯಿತು.

"ಬೀಗರ, ಇದೇನ್ ಮಾಡೀರಿ?"

"ರಂಗೋಲಿ" ಎಂದೆ.

"ರಂಗೋಲಿ ಕಾಣಾಕತ್ತೈತಿ. ನೀರು ಯಾವ್ದು?"

ಖಾಲಿ ಕ್ಯಾನು ನನ್ನ ಪಕ್ಕದಲ್ಲೇ ಬಿದ್ದಿತ್ತು. ಅದೇ ಕೊನೆಯದೆಂದು ನನಗೆ ತಿಳಿದಿರಲಿಲ್ಲ.

"ಕುಡಿಯೂ ನೀರು ಮಣ್ಣಿಗೆ ಹಾಕ್ತಾರೇನ್ರಿ ಯಾರರ? ಎದುರಿಗೆ ಅಷ್ಟು ದೊಡ್ಡ ಸಮುದ್ರ ಐತಿ."

"ಬಾಗಿಲಿಗೆ ಉಪ್ಪುನೀರು ಹಾಕಕ್ಕಾಗತ್ತಾ ನೀಲಮ್ಮನೋರೆ?"

"ಬಾಗಿಲ ಎಲ್ಲೈತಿ? ಇರೂದು ಜಿಪ್."

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಅವರಿಗೆ ಗದಗು ನೆನಪಾಯಿತು. ನಲ್ಲಿ ಯಾವಾಗ ಬರುತ್ತದೋ ಎಂದು ಕೊಡ ಸಾಲಿಗಿಟ್ಟು ಕಾಯುತ್ತಿದ್ದ ದಿನಗಳು, ಬಂದ ನೀರಿನಲ್ಲಿ ಮೊದಲು ಅಕ್ಕಿ ತೊಳೆದು, ಅದರಲ್ಲೇ ಪಾತ್ರೆ ತೊಳೆದು, ಅದನ್ನೇ ಕರಿಬೇವಿನ ಗಿಡಕ್ಕೆ ಹಾಕಿದ್ದು. ಎಲ್ಲ ಹೇಳಿ, "ನಿಮ್ಮ ಮನಿ ಮುಂದ ಕಾವೇರಿ ಹರೀತಿತ್ತು. ನಿಮಗೇನ್ ಗೊತ್ತು" ಎಂದರು. ಕಾವೇರಿಯ ಸುದ್ದಿ ಎತ್ತಿದರೆ ಮೈಸೂರಿನವರು ಸುಮ್ಮನಿರುತ್ತಾರೆಯೇ?

"ರಾತ್ರಿಯೆಲ್ಲ ನೀವು ಹೊಡೆಯೋ ಗೊರಕೆಗೆ ಗುಡಾರದ ಗೂಟ ಕಿತ್ತು ಬರತ್ತೆ. ನಾನು ಒಂದು ಮಾತು ಅಂದಿದೀನಾ?"

"ಇಪ್ಪತ್ತು ವರ್ಷದಿಂದ ನಿಮ್ಮ ಕಾಫಿ ಕುಡದೇನಿ. ಎದಿ ಉರೀತೈತಿ ನನಗ. ನಾ ಅಂದೇನೇನು?"

"ನಿಮ್ಮ ಜೋಳದ ರೊಟ್ಟಿಗೆ ನನ್ನ ದವಡೆ ಹಲ್ಲು ಹೋಗಿದೆ."

"ಮತ್ತ ಛಲೋ ಆಗೈತಿ, ಇನ್ನೊಂದು ಹಾಕ್ರಿ ಅಂತಿದ್ರಿ?"

"ಬೇಡ ಅಂದ್ರೆ ನೀವು ಬೇಜಾರ್ ಮಾಡ್ಕೋತೀರ ಅಂತ."

"ನಿಮಗಂತ ನಸಿಕಿನ್ಯಾಗ ಎದ್ದು ಬಡೀತಿದ್ನಲ್ರಿ. ಮೊದಲ ಹೇಳಿದ್ರ ಇನ್ನೊಂದು ತಾಸು ಮಲಗತಿದ್ದೆ."

ಪಕ್ಕದ ಗುಡಾರದಲ್ಲಿ ಮೂವರೂ ಎದ್ದಿದ್ದರು. ಬಟ್ಟೆಯ ಗೋಡೆಯಲ್ಲಿ ನೆರಳು ಕಾಣುತ್ತಿತ್ತು. ಆದರೆ ಹೊರಗೆ ಬರುವ ಧೈರ್ಯ ಯಾರಿಗೂ ಆಗಲಿಲ್ಲ. ಮಾತು ಎಲ್ಲೆಲ್ಲಿಗೋ ಹೋಯಿತು. ಮದುವೆಯಲ್ಲಿ ಅವರಿಗೆ ಕೊಟ್ಟ ಸೀರೆಯ ಬಣ್ಣ, ನನ್ನ ಬಿಸಿಬೇಳೆಬಾತಿನ ಬೆಲ್ಲ, ಫೋನ್ ಹಿಡಿದರೆ ಏರುವ ಅವರ ಗಂಟಲು. ಕೊನೆಗೆ ಇಬ್ಬರಿಗೂ ಬಾಯಿ ಒಣಗಿತು. ಕುಡಿಯಲು ನೀರಿರಲಿಲ್ಲ.

ಅಳಿಯ ಮಾತಿಲ್ಲದೆ ವ್ಯಾನ್ ತೆಗೆದುಕೊಂಡು ಹಿಂದಿನ ಊರಿಗೆ ಹೋಗಿ ನೀರು ತಂದ. ಅವನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ. ಆ ಹೊಟ್ಟೆ ನನ್ನ ಕಡೆ ಬೆನ್ನು ಹಾಕಿ ಕುಳಿತಿದ್ದರೂ ಆ ಮಾತು ಸುಳ್ಳಲ್ಲ. ಮುಂದೆ ಎರಡು ದಿನ, ಎರಡು ಊರು, ನಾವಿಬ್ಬರೂ ಮಾತಾಡಲಿಲ್ಲ. ಆದರೆ ಒಂದು ವಿಚಿತ್ರ ನೋಡಿ. ಆ ರಾತ್ರಿ ಗುಡಾರದೊಳಗೆ ಬಂದ ನೀಲಮ್ಮನವರು ಸೀದಾ ಹಾಸಿಗೆಯ ಮೇಲೆ ಮಲಗಿಬಿಟ್ಟರು. ಇವರೇಕೆ ಮಲಗಬೇಕೆಂಬ ಸಿಟ್ಟಿನಲ್ಲಿ ನಾನೂ ಇನ್ನರ್ಧಕ್ಕೆ ಹತ್ತಿ ಮಲಗಿದೆ. ಬಾಹಾಗೆ ಬಂದ ಮೇಲೆ ಇಬ್ಬರಿಗೂ ಅವತ್ತೇ ಒಳ್ಳೆಯ ನಿದ್ದೆ. ಬೆಳಿಗ್ಗೆ ಅವರು ತಮ್ಮೊಬ್ಬರಿಗೇ ಚಹಾ ಮಾಡಿಕೊಂಡರು, ನಾನು ನನ್ನೊಬ್ಬಳಿಗೇ ಕಾಫಿ. ಹೇಳಬಾರದು, ಸುಖವಾಗಿತ್ತು.

ವೀಣಾಳ ಮುಖ ಮಾತ್ರ ಸಣ್ಣಗಾಗಿತ್ತು. ಪೆಟ್ರೋಲ್ ಬಂಕಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಬಿಡಮ್ಮ. ನಾನೇ ತಪ್ಪು ಪ್ಲಾನ್ ಮಾಡ್ದೆ. ನಮ್ಮ ಮನೆ ಹತ್ರ ನಿಂಗೊಂದು ಅಪಾರ್ಟ್‌ಮೆಂಟ್ ನೋಡ್ತೀನಿ" ಎಂದಳು. ಸರಿ ಎಂದೆ. ಹೇಳಿ ವ್ಯಾನ್ ಹತ್ತಿದ ಮೇಲೆ ಕಿಟಕಿಯ ಹೊರಗಿನ ಕಳ್ಳಿಗಳು ಮಸುಕಾದವು. ಇಪ್ಪತ್ತು ವರ್ಷ ಉಪಚಾರದಲ್ಲಿ ಕಟ್ಟಿದ್ದನ್ನು ಒಂದು ಕ್ಯಾನ್ ನೀರಿನಲ್ಲಿ ತೊಳೆದುಕೊಂಡೆನಲ್ಲ ಎನಿಸಿತು.

ಕೊನೆಯ ಕ್ಯಾಂಪ್ ತೋದೋಸ್ ಸಾಂತೋಸ್ ಊರಿನಾಚೆ, ಅಲೆ ಅಪ್ಪಳಿಸುವ ದಡದಲ್ಲಿ. ಸಂಜೆ ಊಟವಾದ ಮೇಲೆ ಉಳಿದವರು ಸೂರ್ಯಾಸ್ತ ನೋಡಲು ದಿಬ್ಬ ಹತ್ತಿದರು. ನೀಲಮ್ಮನವರು ಕುಕ್ಕರಿಗೆ ಮರಳು ಹಾಕಿ ಉಜ್ಜುತ್ತ ಕುಳಿತಿದ್ದರು. ಸುಮ್ಮನೆ ನಿಲ್ಲಲಾರದೆ ನಾನೂ ಪಕ್ಕದಲ್ಲಿ ಕುಳಿತು, ಉಜ್ಜಿದ ತಟ್ಟೆಗಳನ್ನು ಒಂದೊಂದು ಲೋಟ ನೀರಿನಲ್ಲಿ ತೊಳೆದಿಡತೊಡಗಿದೆ. ಎರಡನೆಯ ಲೋಟ ಬಗ್ಗಿಸಿದಾಗ ಅವರು ತಲೆಯೆತ್ತದೆ ಮಾತು ತೆಗೆದರು.

"ಮನ್ಯಾಗ ಹಿಂಗ ನಡಿಯೂದಿಲ್ಲ."

ಏನು ಎಂದೆ.

"ಇಷ್ಟಿಷ್ಟು ನೀರು ಚೆಲ್ಲೂದು. ಅಲ್ಲಿ ನಲ್ಲಿ ಐತಿ ಅಂತ ಹಂಗ ಬಿಟ್ಟು ನಿಂದ್ರಬ್ಯಾಡ್ರಿ. ಮತ್ತ ನಸಿಕಿನ್ಯಾಗ ಎದ್ದು ಆ ಕಾಫಿ ಬೀಸೂ ಮಷಿನ್ ಚಾಲೂ ಮಾಡಿದ್ರ ನನಗ ಸೇರೂದಿಲ್ಲ. ಏಳು ಬಡಿಯೂತನಕ ಸುಮ್ಮ ಇರಬೇಕು."

ನನ್ನ ಕೈಯಲ್ಲಿದ್ದ ತಟ್ಟೆ ಅಲ್ಲಿಯೇ ನಿಂತಿತು. ಯಾವ ಮನೆ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಉಪಚಾರಕ್ಕೆ ತಿರುಗಿಬಿಡುವರೋ ಎಂದು ಭಯ.

"ಹಾಗಾದ್ರೆ ನಂದೂ ಒಂದಿದೆ" ಎಂದೆ. "ಟಿವಿಲಿ ಸೀರಿಯಲ್ ನೋಡುವಾಗ ಮುಂದೇನಾಗತ್ತೆ ಅಂತ ನೀವು ಹೇಳಬಾರದು."

"ಅದು ಆಗೂದಿಲ್ಲ" ಎಂದರು.

ಯೋಚನೆ ಮಾಡಿ ಹೇಳುತ್ತೇನೆಂದು ನಾನು ಸ್ವಲ್ಪ ಬಿಗಿ ತೋರಿಸಿದೆ. ಎಷ್ಟೆಂದರೂ ಹೆಣ್ಣು ಕೊಟ್ಟವಳು.

"ಯೋಚನಿ ಮಾಡೂದೇನೈತಿ. ಊರಿಂದ ಹೊರಡೂಕಿಂತ ಮೊದಲ ಅರ್ಧ ಕಪಾಟ ಖಾಲಿ ಮಾಡಿಟ್ಟು ಬಂದೇನಿ."

ಹಾಗಿದ್ದರೆ ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳಿದೆ. ಅವರು ಕುಕ್ಕರು ಕೆಳಗಿಟ್ಟು, ಮೊದಲ ಸಲ ನನ್ನ ಕಡೆ ತಿರುಗಿದರು.

"ಹೆಂಗ ಹೇಳ್ಲಿ. ನೀವು ಹೂಂ ಅಂದ್ರ ಮನಸಿನಿಂದ ಅಂದ್ರೋ, ಉಪಚಾರಕ್ಕ ಅಂದ್ರೋ, ನನಗ ಹೆಂಗ ತಿಳೀಬೇಕು? ನಿಮ್ಮ ಬಾಯಾಗಿಂದ ಒಂದು ಕೆಟ್ಟ ಮಾತ ಕೇಳೂತನಕ ನಂಬಿಕಿ ಬರಲಿಲ್ಲ."

ದಿಬ್ಬದ ಮೇಲಿನಿಂದ ಮೇಘಾ ನಮ್ಮನ್ನು ಕೂಗಿ ಕರೆಯುತ್ತಿದ್ದಳು, ಸೂರ್ಯ ಮುಳುಗಿಹೋಗುತ್ತಾನೆಂದು. ಮುಳುಗಲಿ, ನಾಳೆ ಬರುತ್ತಾನೆ. ಮರಳುಗಾಡಿನಲ್ಲಿ ಚೆಲ್ಲಿದ ಒಂದು ಕ್ಯಾನ್ ನೀರಿಗೆ, ಅದನ್ನು ಕಂಡು ಸಿಟ್ಟಾದ ಈ ಹೆಂಗಸಿಗೆ, ಇದಕ್ಕೆಲ್ಲ ಗಾಳಿ ಹಾಕಿದ ನನ್ನ ಮಗಳಿಗೆ ಮನಸ್ಸಿನಲ್ಲೇ ಅಡ್ಡಬಿದ್ದು, ಮುಖ್ಯವಾದ ಪ್ರಶ್ನೆ ಕೇಳಿದೆ.

"ಕಪಾಟಿನ ಯಾವ ಅರ್ಧ? ಮೇಲಿಂದಾ, ಕೆಳಗಿಂದಾ?"

ನೀಲಮ್ಮನವರು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಅಳತೆ ಬೇಗ ಮುಗಿಯಿತು.

"ಕೆಳಗಿಂದು. ಮ್ಯಾಲಿಂದು ನಿಮಗ ನಿಲುಕೂದಿಲ್ಲ."